ಎಂಜಿನ್ ಓವರ್‌ಹಾಲ್ ಖರ್ಚನ್ನೇ ಬಿಟ್ಟ ನಿಮ್ಮ ಪಟ್ಟಿಯ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿಮಾನ ಖರೀದಿ ಸಲಹಾ ವಿಭಾಗ

ವಿಷಯ: ಸೆಕೆಂಡ್ ಹ್ಯಾಂಡ್ ಸೆಸ್ನಾ 172 ವಿಮಾನದ ತಪ್ಪು ಖರ್ಚಿನ ಅಂದಾಜು ಮತ್ತು ಅರೆಬರೆ ತಪಾಸಣೆ

ಮಾನ್ಯರೇ,

ಪೈಲಟ್ ಲೈಸೆನ್ಸ್ ಸಿಕ್ಕ ಮೇಲೆ ವರ್ಷಗಟ್ಟಲೆ ಕೂಡಿಟ್ಟ ಹಣದಲ್ಲಿ ಮೊದಲ ಸ್ವಂತ ವಿಮಾನ ಕೊಳ್ಳಲು ನಿಮ್ಮಲ್ಲಿಗೆ ಬಂದೆ. ವಿಮಾನದ ಆಯ್ಕೆಯಲ್ಲಿ ನೀವು ತಪ್ಪು ಹೇಳಲಿಲ್ಲ. ಸೆಸ್ನಾ 172 ಹೊಸ ಪೈಲಟ್‌ಗೂ ಒಗ್ಗುವ ನಾಲ್ಕು ಸೀಟಿನ ವಿಮಾನ. ಬಿಡಿಭಾಗ ಸಿಗುತ್ತವೆ, ಬಲ್ಲ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ನನ್ನ ತಕರಾರು ನೀವು ಕೊಟ್ಟ ಒಂದು ಪುಟದ ಖರ್ಚಿನ ಪಟ್ಟಿಯ ಮೇಲೆ.

ಅದರಲ್ಲಿ ಗಂಟೆಗೆ ಸುಮಾರು 32 ಲೀಟರ್ ಇಂಧನ, ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಇಷ್ಟೇ ಇತ್ತು. ಓವರ್‌ಹಾಲ್‌ಗೆಂದು, ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವ ಕೆಲಸಕ್ಕೆಂದು, ಹಾರಿದ ಪ್ರತಿ ಗಂಟೆಗೂ ತೆಗೆದಿಡಬೇಕಾದ ಹಣದ ಸಾಲೇ ಇರಲಿಲ್ಲ. ಕೇಳಿದ್ದಕ್ಕೆ ನಿಮ್ಮ ಪ್ರತಿನಿಧಿ, "2000 ಗಂಟೆಯ ಎಂಜಿನ್ ಸಾರ್, ಓಡಿರೋದು 1100. ಇನ್ನೂ 900 ಗಂಟೆ ಯೋಚನೆನೇ ಬೇಡ" ಎಂದರು. ವರ್ಷಕ್ಕೆ 80 ಗಂಟೆ ಹಾರಿದರೆ ಹನ್ನೊಂದು ವರ್ಷ ನಿಶ್ಚಿಂತೆ ಎಂದುಕೊಂಡು ಸಹಿ ಹಾಕಿದೆ.

ಆದರೆ ಈ ಒ-320 ಎಂಜಿನ್‌ಗೆ ಅದರ ತಯಾರಕ ಕಂಪನಿ ಲೈಕಾಮಿಂಗ್ ಹೇಳಿರುವ ಓವರ್‌ಹಾಲ್ ಅವಧಿ 2000 ಗಂಟೆ ಇಲ್ಲವೇ 12 ವರ್ಷ, ಯಾವುದು ಮೊದಲೋ ಅದು. ಲಾಗ್‌ಬುಕ್ ಪ್ರಕಾರ ನನ್ನ ಎಂಜಿನ್ ಓವರ್‌ಹಾಲ್ ಆಗಿ 17 ವರ್ಷ. ನಾನು ಕೊಳ್ಳುವ ಮುಂಚಿನ ನಾಲ್ಕು ವರ್ಷದಲ್ಲಿ ಹಾರಿದ್ದು ಬರೀ 31 ಗಂಟೆ. ಸುಮ್ಮನೆ ನಿಂತ ಎಂಜಿನ್ ಓಡಿದ ಎಂಜಿನ್‌ಗಿಂತ ಬೇಗ ಕೆಡುತ್ತದೆ. ಇದರ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಮೇಲ್ಭಾಗದಲ್ಲಿದೆ. ವಿಮಾನ ತಿಂಗಳುಗಟ್ಟಲೆ ನಿಂತರೆ ಆಯಿಲ್ ಕೆಳಗಿಳಿದು, ತೇವಕ್ಕೆ ತುಕ್ಕು ಹಿಡಿಯುತ್ತದೆ. ನಿಮ್ಮಂಥ ಅನುಭವಿಗಳಿಗೆ ಇದು ಗೊತ್ತಿರದ ಸಂಗತಿಯಲ್ಲ.

ಮೊದಲ ಆಯಿಲ್ ಬದಲಾವಣೆಯ ದಿನ ಮೆಕ್ಯಾನಿಕ್ ಫಿಲ್ಟರ್ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಟಾರ್ಚ್ ಬಿಟ್ಟರು. ಮಡಿಕೆ ಮಡಿಕೆಯಲ್ಲೂ ಲೋಹದ ಚೂರು ಮಿನುಗುತ್ತಿತ್ತು. ಮ್ಯಾಗ್ನೆಟ್ ಹಿಡಿದರೆ ಹಾರಿಬಂದು ಅಂಟಿಕೊಂಡವು, ಅಂದರೆ ಎಂಜಿನ್ ಒಳಗಿನ ಉಕ್ಕಿನ ಭಾಗ ಸವೆಯುತ್ತಿತ್ತು. ಒಂದು ಸಿಲಿಂಡರ್‌ನ ಕಂಪ್ರೆಷನ್, ಅಂದರೆ ಗಾಳಿಯ ಒತ್ತಡ ಹಿಡಿದಿಡುವ ಶಕ್ತಿ, 80ಕ್ಕೆ ಬರೀ 58 ಬಂತು. ಅವರು ಏನೂ ಹೇಳದೆ ಕೈ ಒರೆಸಿಕೊಂಡಾಗಲೇ ನನ್ನ ಎದೆ ಧಸಕ್ಕೆಂದಿತ್ತು.

ಖರೀದಿಗೆ ಮುಂಚೆ ತಪಾಸಣೆ ಮಾಡಿಸಲೆಂದು ನಿಮಗೆ ಬೇರೆಯೇ ಶುಲ್ಕ ಕಟ್ಟಿದ್ದೆ. ನಿಮ್ಮ ವರದಿಯಲ್ಲಿ "ಎಂಜಿನ್ ಉತ್ತಮ ಸ್ಥಿತಿಯಲ್ಲಿದೆ" ಎಂಬ ಒಂದೇ ಸಾಲು. ಕಂಪ್ರೆಷನ್ ಅಂಕಿಯಿಲ್ಲ, ಫಿಲ್ಟರ್ ಕೊಯ್ದು ನೋಡಿದ ಉಲ್ಲೇಖವಿಲ್ಲ, ಓವರ್‌ಹಾಲ್ ದಿನಾಂಕವೂ ಇಲ್ಲ. ಲಾಗ್‌ಬುಕ್ಕನ್ನು ನಾನೇ ಪುಟ ಪುಟ ಓದಬೇಕಿತ್ತು, ಒಪ್ಪುತ್ತೇನೆ. ಆದರೆ ನನ್ನ ಪರವಾಗಿ ಓದಲೆಂದೇ ನಿಮಗೆ ದುಡ್ಡು ಕೊಟ್ಟಿದ್ದು. ಈಗ ವಿಮಾನ ಹ್ಯಾಂಗರ್‌ನಲ್ಲಿ ನಿಂತಿದೆ. ಬಾಡಿಗೆ, ವಿಮೆ ಮಾತ್ರ ನಿಂತಿಲ್ಲ.

ತಪಾಸಣೆ ಮತ್ತು ಸಲಹಾ ಶುಲ್ಕ ಪೂರ್ತಿ ವಾಪಸ್ ಕೊಡಿ. ಓವರ್‌ಹಾಲ್ ವೆಚ್ಚದಲ್ಲಿ ನಿಮ್ಮ ಪಾಲೆಷ್ಟು ಎಂದು ಲಿಖಿತವಾಗಿ ತಿಳಿಸಿ. ಮುಂದೆ ಬರುವವರಿಗೆ ಕೊಡುವ ಪಟ್ಟಿಯಲ್ಲಿ ಓವರ್‌ಹಾಲ್ ಮೀಸಲು ಹಣದ ಸಾಲನ್ನೂ ಎಂಜಿನ್‌ನ ವಯಸ್ಸನ್ನೂ ಸೇರಿಸಿ. 15 ದಿನದೊಳಗೆ ಉತ್ತರ ಬಾರದಿದ್ದರೆ ಕಾನೂನು ಕ್ರಮಕ್ಕೆ ಮುಂದಾಗುತ್ತೇನೆ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಲಾಗ್‌ಬುಕ್ ಪುಟಗಳ ನಕಲು, ಫಿಲ್ಟರ್‌ನ ಫೋಟೊಗಳು, ನಿಮ್ಮ ತಪಾಸಣಾ ವರದಿ, ಖರ್ಚಿನ ಪಟ್ಟಿ