ಕೆನ್ ಆ್ಯಂಡರ್ಸನ್ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ಹೇಗಿದ್ದೀಯ? ನೀನೂ ಅಮೆರಿಕನ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯ್ತು. ಹಳೇ ಕಾಲದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸೋ ಆಟಗಾರರಲ್ಲಿ, ಯಾರ ಆಟ ನೋಡಬೇಕು ಅಂತ ಕೇಳಿದ್ದೆಯಲ್ಲ. ಮೊಂಟಾನಾ, ಮರೀನೋ ಬಗ್ಗೆ ನಿನಗೆ ಯಾರು ಬೇಕಾದರೂ ಹೇಳುತ್ತಾರೆ. ನಾನು ಕೆನ್ ಆ್ಯಂಡರ್ಸನ್ ಬಗ್ಗೆ ಹೇಳುತ್ತೇನೆ. ಸಿನ್ಸಿನಾಟಿ ಬೆಂಗಾಲ್ಸ್ ತಂಡ, 14ನೇ ನಂಬರ್ ಜೆರ್ಸಿ. 1971ರಿಂದ 1986ರವರೆಗೆ 16 ಸೀಸನ್ ಆಡಿದ, ಅಷ್ಟೂ ಒಂದೇ ತಂಡಕ್ಕೆ.

ಇಲಿನಾಯ್ ರಾಜ್ಯದ ಬಟೇವಿಯಾ ಅವನ ಊರು. ಓದಿದ್ದು ಆಗಸ್ಟಾನಾ ಅನ್ನೋ ಸಣ್ಣ ಕಾಲೇಜಿನಲ್ಲಿ. 1971ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋ ಪ್ರಕ್ರಿಯೆ) ಮೊದಲು ಆಯ್ಕೆಯಾದ ಮೂವರೂ ಕ್ವಾರ್ಟರ್‌ಬ್ಯಾಕ್‌ಗಳೇ. ಇವನ ಹೆಸರು ಕರೆದದ್ದು ಮೂರನೇ ಸುತ್ತಿನಲ್ಲಿ, 67ನೆಯವನಾಗಿ.

ಆಗ ಬೆಂಗಾಲ್ಸ್‌ಗೆ ಪಾಲ್ ಬ್ರೌನ್ ಮುಖ್ಯ ಕೋಚ್. ಅವರ ಕೈಕೆಳಗೆ ಬಿಲ್ ವಾಲ್ಷ್ ಅಂತ ಒಬ್ಬ ಸಹಾಯಕ ಕೋಚ್ ಇದ್ದರು. ದೂರಕ್ಕೆ ಎಸೆದು ಅದೃಷ್ಟ ನೋಡೋ ಬದಲು, ಹತ್ತಿರ ಹತ್ತಿರಕ್ಕೆ ಚುರುಕಾಗಿ ಪಾಸ್ ಕೊಡುತ್ತಾ ಮುಂದೆ ಹೋಗೋ ಆಟ ಅವರದು. ಸಿಕ್ಸರ್‌ಗೆ ಕೈ ಹಾಕದೆ ಒಂದು, ಎರಡು ರನ್ ತೆಗೆದುಕೊಂಡೇ ಸ್ಕೋರ್ ಏರಿಸೋ ಬ್ಯಾಟ್ಸ್‌ಮನ್ ಇರ್ತಾನಲ್ಲ, ಹಾಗೆ. ಆದರೆ ಇದು ಸುಲಭ ಅಂದ್ಕೋಬೇಡ. ಕ್ವಾರ್ಟರ್‌ಬ್ಯಾಕ್ ಮೂರೋ ಐದೋ ಹೆಜ್ಜೆ ಹಿಂದಕ್ಕೆ ಇಡುತ್ತಾನೆ. ಕೊನೆಯ ಹೆಜ್ಜೆ ಊರುತ್ತಿದ್ದ ಹಾಗೇ ಚೆಂಡು ಕೈಬಿಡಬೇಕು. ಹಿಡಿಯುವವನು ಎಷ್ಟೋ ಸಲ ಇನ್ನೂ ತಿರುಗಿರುವುದೇ ಇಲ್ಲ. ಅವನು ತಿರುಗೋ ಹೊತ್ತಿಗೆ ಚೆಂಡು ಅಲ್ಲಿರಬೇಕು. ಆ್ಯಂಡರ್ಸನ್ ಕಾಲುಗಳನ್ನು ನೋಡಬೇಕು ಕಣೋ. ಒಂದು ಹೆಜ್ಜೆಯೂ ಜಾಸ್ತಿ ಇಲ್ಲ, ಒಂದೂ ಕಮ್ಮಿ ಇಲ್ಲ.

ಈ ಆಟ ಮುಂದೆ ವೆಸ್ಟ್ ಕೋಸ್ಟ್ ಅಫೆನ್ಸ್ ಅಂತ ಜಗತ್ಪ್ರಸಿದ್ಧವಾಯಿತು. ಹೆಸರಿನಲ್ಲಿ ಪಶ್ಚಿಮ ಕರಾವಳಿ ಇದೆ, ಆದರೆ ಅದು ಮೊದಲು ರೂಪ ಪಡೆದದ್ದು ಸಿನ್ಸಿನಾಟಿ ಇರೋ ಓಹಾಯೋ ರಾಜ್ಯದಲ್ಲಿ. ಅದನ್ನು ವರ್ಷಗಟ್ಟಲೆ ಆಡಿ ತೋರಿಸಿದವನು ಆ್ಯಂಡರ್ಸನ್. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 22 ಪಾಸ್ ಎಸೆದು 20 ಮುಟ್ಟಿಸಿದ. ಅದೇ ಸೀಸನ್‌ನಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದ ತಂಡ ಅದು! ಅವರ ಡಿಫೆನ್ಸ್ ಅಂದರೆ ಎಲ್ಲರಿಗೂ ನಡುಕ ಇದ್ದ ಕಾಲ. 1974, 1975 ಎರಡೂ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಪಾಸರ್ ರೇಟಿಂಗ್ (ಪಾಸ್ ಎಷ್ಟು ಚೆನ್ನಾಗಿ ಎಸೆದ ಅಂತ ಅಳೆಯೋ ಅಂಕ) ಇವನದೇ.

1976ಕ್ಕೆ ಪಾಲ್ ಬ್ರೌನ್ ಕೋಚ್ ಕೆಲಸ ಬಿಟ್ಟರು. ಆ ಜಾಗ ವಾಲ್ಷ್‌ಗೆ ಸಿಗಲಿಲ್ಲ. ಅವರು ಬೇಸರದಿಂದ ಹೊರಟುಹೋದರು. ಆಮೇಲೆ ತಂಡ ಕುಸಿಯಿತು, 1978ರಲ್ಲೂ 1979ರಲ್ಲೂ 16 ಪಂದ್ಯಗಳಲ್ಲಿ ಬರೀ ನಾಲ್ಕು ಗೆಲುವು. ಆ್ಯಂಡರ್ಸನ್‌ಗೆ ಮೇಲಿಂದ ಮೇಲೆ ಗಾಯ. 1981ರ ಮೊದಲ ಪಂದ್ಯದಲ್ಲಂತೂ ಎಷ್ಟು ಕೆಟ್ಟದಾಗಿ ಆಡಿದ ಅಂದರೆ, ಮಧ್ಯದಲ್ಲೇ ಅವನನ್ನು ಕೂರಿಸಿ ಬೇರೆಯವನನ್ನು ಇಳಿಸಿದರು. 32 ವರ್ಷ ವಯಸ್ಸು. ಇವನ ಕಥೆ ಮುಗೀತು ಅಂತ ಅಂದುಕೊಂಡವರೇ ಜಾಸ್ತಿ.

ಅದೇ ಸೀಸನ್‌ನಲ್ಲಿ ಅವನು 29 ಟಚ್‌ಡೌನ್ ಪಾಸ್ ಎಸೆದ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಟಚ್‌ಡೌನ್). ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಕೈಗೆ ಸಿಕ್ಕ ಪಾಸ್, ಬರೀ 10. ಲೀಗ್‌ನ ಎಂವಿಪಿ (ಅತ್ಯಮೂಲ್ಯ ಆಟಗಾರ) ಪ್ರಶಸ್ತಿ ಅವನದಾಯಿತು.

1982ರ ಜನವರಿ 10ರ ಪಂದ್ಯವನ್ನು ಜನ ಫ್ರೀಜರ್ ಬೌಲ್ ಅಂತ ಕರೆಯುತ್ತಾರೆ. ಸೂಪರ್ ಬೌಲ್‌ಗೆ ಯಾರು ಹೋಗಬೇಕು ಅನ್ನೋ ಪಂದ್ಯ, ಸ್ಯಾನ್ ಡಿಯೇಗೊ ಚಾರ್ಜರ್ಸ್ ವಿರುದ್ಧ, ಸಿನ್ಸಿನಾಟಿಯಲ್ಲಿ. ಮೈನಸ್ 23 ಡಿಗ್ರಿ ಸೆಲ್ಸಿಯಸ್, ಅದರ ಮೇಲೆ ಮೂಳೆ ಕೊರೆಯೋ ಗಾಳಿ. ಎದುರಾಳಿ ಡ್ಯಾನ್ ಫೌಟ್ಸ್ ಆ ಕಾಲದ ಮಹಾ ಪಾಸರ್. ಅವನ ಗಡ್ಡದಲ್ಲಿ ಮಂಜುಗಡ್ಡೆ ಕಟ್ಟಿದ್ದ ಚಿತ್ರ ಇವತ್ತಿಗೂ ಓಡಾಡುತ್ತೆ. ಆ ಚಳಿಯಲ್ಲಿ ಚೆಂಡು ಕೈಗೆ ಹತ್ತುವುದೇ ಕಷ್ಟ. ಫೌಟ್ಸ್‌ನ ಎರಡು ಪಾಸ್ ಬೆಂಗಾಲ್ಸ್ ಪಾಲಾದವು. ಆ್ಯಂಡರ್ಸನ್ 22ರಲ್ಲಿ 14 ಪಾಸ್ ಮುಟ್ಟಿಸಿದ, ಎರಡು ಟಚ್‌ಡೌನ್, ಒಂದೂ ಇಂಟರ್‌ಸೆಪ್ಷನ್ ಇಲ್ಲ. 27–7ರಿಂದ ಗೆದ್ದರು.

ಮುಂದಿನದು ಹೇಳೋಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಎರಡು ವಾರ ಬಿಟ್ಟು ಸೂಪರ್ ಬೌಲ್. ಎದುರು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್. ಅವರ ಕೋಚ್ ಯಾರು ಗೊತ್ತಾ? ಅದೇ ಬಿಲ್ ವಾಲ್ಷ್. ಮೊದಲಾರ್ಧ ಬೆಂಗಾಲ್ಸ್ ಪಾಲಿಗೆ ದುಃಸ್ವಪ್ನ, 20–0. ಶುರುವಿನಲ್ಲೇ ಒಂದು ಇಂಟರ್‌ಸೆಪ್ಷನ್ ಆ್ಯಂಡರ್ಸನ್‌ನದೇ, ಅದನ್ನು ಮುಚ್ಚಿಡೋಕೆ ಆಗಲ್ಲ. ವಿರಾಮ ಮುಗಿದದ್ದೇ ತಾನೇ ಓಡಿ ಟಚ್‌ಡೌನ್ ಮಾಡಿದ. ಮತ್ತೆ ತಂಡವನ್ನು ಗೋಲ್ ಗೆರೆಯಿಂದ ಮೂರು ಯಾರ್ಡ್ ದೂರಕ್ಕೆ ತಂದು ನಿಲ್ಲಿಸಿದ. ನಾಲ್ಕು ಅವಕಾಶ. ಮೂರು ಸಲ ಪೀಟ್ ಜಾನ್ಸನ್ ಕೈಗೆ ಚೆಂಡು ಕೊಟ್ಟರು, ಒಂದು ಸಲ ಚಾರ್ಲ್ಸ್ ಅಲೆಗ್ಸಾಂಡರ್‌ಗೆ ಪಾಸ್. ಅಲೆಗ್ಸಾಂಡರ್ ಚೆಂಡು ಹಿಡಿದ, ಗೆರೆಯ ಹತ್ತಿರವೇ ಇದ್ದ. ಡ್ಯಾನ್ ಬಂಜ್ ಅಷ್ಟರಲ್ಲಿ ಬಂದು ತಬ್ಬಿ ಕೆಡವಿದ. ಅಲ್ಲೇ ಪಂದ್ಯ ಹೋಯಿತು ಅಂತ ನನ್ನ ಲೆಕ್ಕ. ಕೊನೆಗೆ 26–21. ಆ್ಯಂಡರ್ಸನ್ 34ರಲ್ಲಿ 25 ಪಾಸ್ ಮುಟ್ಟಿಸಿದ್ದ, 300 ಯಾರ್ಡ್. 25 ಅನ್ನೋದು ಆಗ ಸೂಪರ್ ಬೌಲ್ ದಾಖಲೆ.

ಆ ಸಂಜೆಯಿಂದ ವಾಲ್ಷ್, ಅವರ ಕ್ವಾರ್ಟರ್‌ಬ್ಯಾಕ್ ಮೊಂಟಾನಾ ಇಬ್ಬರೂ ದಂತಕಥೆಯಾದರು. ಅವರಿಗೆ ಸಿಕ್ಕದ್ದು ನ್ಯಾಯವೇ. ಆದರೆ ಅದೇ ಆಟವನ್ನು ಹತ್ತು ವರ್ಷ ಮೊದಲೇ ಆಡಿದವನನ್ನು ಐದು ಪಾಯಿಂಟ್‌ಗಾಗಿ ಮರೆಯೋದು ಯಾವ ನ್ಯಾಯ, ನೀನೇ ಹೇಳು.

ಮುಷ್ಕರದಿಂದ ಒಂಬತ್ತೇ ಪಂದ್ಯಕ್ಕೆ ಇಳಿದ 1982ರ ಸೀಸನ್‌ನಲ್ಲಿ ಅವನ ಪಾಸ್‌ಗಳಲ್ಲಿ ಶೇ 70ಕ್ಕೂ ಹೆಚ್ಚು ಸರಿಯಾಗಿ ಮುಟ್ಟಿದವು. ಆ ದಾಖಲೆ ಮುರಿಯೋಕೆ 2009ರಲ್ಲಿ ಡ್ರೂ ಬ್ರೀಸ್ ಬರಬೇಕಾಯಿತು, ಅದೂ ಕೂದಲೆಳೆ ಅಂತರದಲ್ಲಿ. ರೇಟಿಂಗ್‌ನಲ್ಲಿ ನಾಲ್ಕು ಸಲ ಮೊದಲಿಗ, ವೃತ್ತಿಜೀವನದಲ್ಲಿ ಪಾಸ್‌ನಿಂದ ಒಟ್ಟು 32,838 ಯಾರ್ಡ್. 1996 ಮತ್ತು 1998ರಲ್ಲಿ ಹಾಲ್ ಆಫ್ ಫೇಮ್‌ನ (ಆಟದ ಮಹಾನ್ ಸಾಧಕರಿಗೆ ಸಿಗೋ ಗೌರವ) ಅಂತಿಮ ಪಟ್ಟಿಯವರೆಗೂ ಬಂದ, ಎರಡು ಸಲವೂ ಬಾಗಿಲು ತೆರೆಯಲಿಲ್ಲ. 2021ರಲ್ಲಿ ಬೆಂಗಾಲ್ಸ್ ತಂಡ ತನ್ನ ಸಾಧಕರ ಗೌರವ ಪಟ್ಟಿಯಾದ ರಿಂಗ್ ಆಫ್ ಆನರ್‌ನ ಮೊದಲ ನಾಲ್ವರಲ್ಲಿ ಅವನನ್ನು ಸೇರಿಸಿತು. ಊರಿನವರಾದರೂ ಮರೆಯಲಿಲ್ಲ ಅಂತ ನನಗೆ ಸಮಾಧಾನ.

ಬಿಡುವಾದಾಗ ಆ ಸೂಪರ್ ಬೌಲ್‌ನ ದ್ವಿತೀಯಾರ್ಧ ಹುಡುಕಿ ನೋಡು. ಸುಮ್ನೆ ಚೆಂಡಿನ ಹಿಂದೆ ಹೋಗಬೇಡ, 14ನೇ ನಂಬರಿನ ಕಾಲುಗಳನ್ನೇ ನೋಡು. ಆಮೇಲೆ ನಿನಗೆ ಏನನ್ನಿಸಿತು ಅಂತ ಬರಿ. ನೀನು ಒಪ್ಪದೇ ಇದ್ದರೆ ಇನ್ನೂ ಉದ್ದ ಪತ್ರ ಬರುತ್ತೆ, ತಯಾರಾಗಿರು.

ಅತ್ತಿಗೆಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಪ್ರೀತಿ.

ಇಂತಿ ನಿನ್ನ ಗೆಳೆಯ