ಬಡ್ಡಿ ಇಳಿದರೆ ಸಾಲದು, ಕಂತಿನ ಪಟ್ಟಿ ತೋರಿಸಿ

ಮಾನ್ಯ ಸಂಪಾದಕರೇ,

ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ದುಬಾರಿ ಸಾಲ ತೀರಿಸಲು ಬ್ಯಾಂಕುಗಳ ಒಕ್ಕೂಟದಿಂದ ಅಗ್ಗದ ಸಾಲ ಎತ್ತುವ ಮಾತು ಬಂದಾಗಲೆಲ್ಲ ಒಂದೇ ಅಂಕಿ ಎದ್ದು ಕಾಣುತ್ತದೆ: ಬಡ್ಡಿ ಎಷ್ಟು ಇಳಿಯಿತು. ಅವಧಿ ಎಷ್ಟು ಹಿಗ್ಗಿತು ಎಂದು ಕೇಳುವವರಿಲ್ಲ. ಗ್ರಾಹಕನ ಜೇಬಿಗೆ ಕೈ ಹಾಕುವುದು ಈ ಎರಡನೆಯದು.

ಉದಾಹರಣೆಗೆ ₹1,000 ಕೋಟಿ ಬಾಕಿ, ಬಡ್ಡಿ ಶೇ 10, ಉಳಿದಿರುವುದು 6 ವರ್ಷ, ಮೂರು ತಿಂಗಳಿಗೊಂದರಂತೆ ಅಸಲಿನ 24 ಸಮ ಕಂತು ಎಂದಿಟ್ಟುಕೊಳ್ಳಿ. ತೀರುವ ಹೊತ್ತಿಗೆ ಕಟ್ಟುವ ಬಡ್ಡಿ ₹312.5 ಕೋಟಿ. ಇದನ್ನೇ ಶೇ 9ಕ್ಕೆ ಬದಲಿಸಿ, ಮೊದಲ 2 ವರ್ಷ ಅಸಲಿಗೆ ವಿನಾಯಿತಿ ಕೊಟ್ಟು, ಆಮೇಲೆ ಅದೇ ರೀತಿ 8 ವರ್ಷದ ಕಂತು ಮಾಡಿದರೆ ಬಡ್ಡಿ ₹551 ಕೋಟಿ ದಾಟುತ್ತದೆ. ದರ ಇಳಿದಿದೆ, ಹೊರೆ ಮಾತ್ರ ₹239 ಕೋಟಿಯಷ್ಟು ಏರಿದೆ. ಎರಡು ವರ್ಷ ಅಸಲು ಕಟ್ಟಬೇಕಿಲ್ಲವಾದ್ದರಿಂದ ಆಡಳಿತ ಮಂಡಳಿಗೆ ಉಸಿರಾಡಲು ಜಾಗ ಸಿಗುತ್ತದೆ, ನಿಜ. ಆದರೆ ಅದು ಉಳಿತಾಯವಲ್ಲ, ಮುಂದೂಡಿಕೆ.

ಅವಧಿ ಹಿಗ್ಗಿಸದೆ 6 ವರ್ಷಕ್ಕೇ ಶೇ 9ರಂತೆ ಬದಲಿಸಿದರೆ ₹31.25 ಕೋಟಿ ಉಳಿಯುತ್ತದೆ. ಆದರೆ ಹೊಸ ಬ್ಯಾಂಕುಗಳು ಸರ್ಕಾರದ ಖಾತರಿ ಕೇಳಿ, ಸರ್ಕಾರ ಅದಕ್ಕೆ ಬಾಕಿಯ ಮೇಲೆ ವರ್ಷಕ್ಕೆ ಶೇ 1 ಶುಲ್ಕ ಹಾಕಿತೆನ್ನಿ. ಆ ಆರು ವರ್ಷದಲ್ಲಿ ಶುಲ್ಕವೂ ಸರಿಯಾಗಿ ₹31.25 ಕೋಟಿ! ಹಳೆ ಸಾಲ ಕೊಟ್ಟವರ ಅವಧಿಪೂರ್ವ ಪಾವತಿ ದಂಡ, ಒಕ್ಕೂಟದ ಲೀಡ್ ಬ್ಯಾಂಕಿನ ಸಂಸ್ಕರಣಾ ಶುಲ್ಕ, ಬ್ಯಾಂಕುಗಳ ಪರವಾಗಿ ಅಡಮಾನ ಹಿಡಿದಿಡುವ ಸೆಕ್ಯುರಿಟಿ ಟ್ರಸ್ಟಿಯ ವಾರ್ಷಿಕ ಶುಲ್ಕ ಸೇರಿದರೆ ನಷ್ಟವೇ. ಬಡ್ಡಿ ಮರುನಿಗದಿಯ ದಿನಾಂಕಕ್ಕೆ ಸರಿಯಾಗಿ ಹಳೆ ಸಾಲ ಮುಗಿಸಿದರೆ ದಂಡ ತಪ್ಪಿಸಲು ಅನೇಕ ಒಪ್ಪಂದಗಳಲ್ಲಿ ಅವಕಾಶವಿರುತ್ತದೆ. ಹಣಕಾಸು ವಿಭಾಗದವರು ಮೊದಲು ತೆರೆದು ಓದಬೇಕಾದ್ದು ಆ ಪುಟ.

ಒಕ್ಕೂಟ ಸಾಲಕ್ಕೆ ಅದರದೇ ತೊಡಕುಗಳಿವೆ. ಪ್ರತಿ ಬ್ಯಾಂಕಿಗೂ ಸಾಲದ ದರ ಕಟ್ಟುವ ತನ್ನದೇ ಮೂಲ ಬಡ್ಡಿ ದರ, ಅಂದರೆ ಎಂಸಿಎಲ್‌ಆರ್. ಯಾವ ಬ್ಯಾಂಕಿನ ದರಕ್ಕೆ ಒಪ್ಪಂದವನ್ನು ಕಟ್ಟಬೇಕೆಂದು ಮೊದಲೇ ತೀರ್ಮಾನವಾಗದಿದ್ದರೆ ಒಕ್ಕೂಟದಲ್ಲಿ ಅತಿ ದುಬಾರಿ ಬ್ಯಾಂಕಿನ ದರವೇ ಎಲ್ಲರ ದರವಾಗಿಬಿಡಬಹುದು. ಸಾಲದ ಹಣ ಎಸ್ಕಾಂ ಖಾತೆಗೆ ಬರಬಾರದು, ನೇರ ಹಳೆ ಸಾಲ ಕೊಟ್ಟವರಿಗೆ ಹೋಗಬೇಕು. ಅವರು ಬಾಕಿಯಿಲ್ಲ ಪತ್ರ ಕೊಟ್ಟು, ಕಂಪನಿ ರಿಜಿಸ್ಟ್ರಾರ್ ಬಳಿ ಹಳೆ ಅಡಮಾನ ತೆರವಾದ ಮೇಲೇ ಹೊಸಬರ ಹಕ್ಕು ಗಟ್ಟಿ. ಹತ್ತು ಬ್ಯಾಂಕಿನಲ್ಲಿ ಒಂದರ ಒಪ್ಪಿಗೆ ಪತ್ರ ತಡವಾದರೂ ಇಡೀ ಸಾಲ ನಿಲ್ಲಬಹುದು. ಅಷ್ಟು ದಿನ ಹಳೆ ದರದ ಬಡ್ಡಿ ಓಡುತ್ತಲೇ ಇರುತ್ತದೆ.

ಇನ್ನೊಂದು ಜಗಳ ಎಸ್ಕ್ರೊ ಖಾತೆಯದು, ಅಂದರೆ ಬಿಲ್ ವಸೂಲಿಯನ್ನು ಸಾಲ ಕೊಟ್ಟವರಿಗಾಗಿ ಕಾದಿಡುವ ಖಾತೆಯದು. ನಿತ್ಯದ ಬಿಲ್ ವಸೂಲಿಯ ಮೇಲೆ ಮೊದಲ ಹಕ್ಕು ಯಾರದು? 2019ರ ಆಗಸ್ಟ್‌ನಿಂದ ಎಸ್ಕಾಂ ಕಟ್ಟದಿದ್ದರೆ ಬ್ಯಾಂಕೇ ಕಟ್ಟುವ ಖಾತರಿ ಪತ್ರ (ಲೆಟರ್ ಆಫ್ ಕ್ರೆಡಿಟ್) ಇಲ್ಲವೇ ಮುಂಗಡ ಹಣ ಕೊಡದೆ ವಿದ್ಯುತ್ ಪಡೆಯುವಂತಿಲ್ಲ. ಆ ಪತ್ರ ಕೊಟ್ಟ ಬ್ಯಾಂಕೂ ಅದೇ ವಸೂಲಿಯನ್ನು ಹಿಡಿದಿರುತ್ತದೆ. ಹೊಸ ಒಕ್ಕೂಟಕ್ಕೂ ಅದೇ ಬೇಕು. ಒಂದೇ ರೂಪಾಯಿಗೆ ಇಬ್ಬರು ವಾರಸುದಾರರು. ಯಾರಿಗೆ ಎಷ್ಟು, ಯಾವ ದಿನ ಎಂದು ಬರೆದಿಡದೆ ಸಹಿ ಹಾಕಿದರೆ ವಸೂಲಿ ಕುಸಿದ ತಿಂಗಳಲ್ಲಿ ವಿದ್ಯುತ್ ಉತ್ಪಾದಕರಿಗೋ ಬ್ಯಾಂಕಿಗೋ ಬಾಕಿ ಬೀಳುವುದು ಖಚಿತ. ಬ್ಯಾಂಕಿನ ಬಾಕಿ 90 ದಿನ ದಾಟಿದರೆ ಅದು ವಸೂಲಾಗದ ಸಾಲ, ಅಂದರೆ ಎನ್‌ಪಿಎ.

ಹಾಗೆಂದು ಸಾಲ ಬದಲಿಸುವುದೇ ತಪ್ಪು ಎನ್ನಲಾಗದು. ಉತ್ಪಾದಕರಿಗೆ ಉಳಿಸಿಕೊಂಡ ಬಾಕಿಯ ಮೇಲೆ 2022ರ ನಿಯಮದಡಿ ಎಸ್‌ಬಿಐನ ಒಂದು ವರ್ಷದ ಎಂಸಿಎಲ್‌ಆರ್‌ಗೆ ಶೇ 5 ಸೇರಿಸಿ ಸರ್‌ಚಾರ್ಜ್ ಬೀಳುತ್ತದೆ. ತಡವಾದಂತೆ ತಿಂಗಳಿಗೆ ಶೇ 0.5ರಂತೆ ಏರಿ ಇನ್ನೂ ಶೇ 3ರವರೆಗೆ ಹೋಗಬಹುದು. ಆ ಬಾಕಿಯನ್ನು ಬ್ಯಾಂಕ್ ಸಾಲದಿಂದ ತೀರಿಸುವುದು ಜಾಣತನ. ಸಹಾಯಧನ ಬರುವುದು ತಡವಾಯಿತೆಂದು ಸಾಲ ಎತ್ತುವುದು ಬೇರೆ ಮಾತು. ವಿದ್ಯುತ್ ಕಾಯ್ದೆ 2003ರ 65ನೇ ಸೆಕ್ಷನ್ ಪ್ರಕಾರ ಸಹಾಯಧನವನ್ನು ಸರ್ಕಾರ ಮುಂಗಡವಾಗಿ ಕೊಡಬೇಕು. ಕೃಷಿ ಪಂಪಿನ ಐಪಿ ಸೆಟ್‌ಗಾಗಲಿ, ಗೃಹಜ್ಯೋತಿಗಾಗಲಿ ಇದೇ ನಿಯಮ. ಬಜೆಟ್ ಹಣಕ್ಕೆ ಬದಲಿಯಾಗಿ ಸರ್ಕಾರಿ ಕಂಪನಿಗಳಿಗೆ ಸಾಲ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕ್ 2022ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ನೆನಪಿಸಿದ್ದೂ ಇದಕ್ಕೇ.

ದೇಶದಲ್ಲಿ ಈ ಮದ್ದನ್ನು ಮತ್ತೆ ಮತ್ತೆ ಕೊಟ್ಟಾಗಿದೆ. 2012ರಲ್ಲಿ ಅಲ್ಪಾವಧಿ ಸಾಲದ ಅರ್ಧವನ್ನು ರಾಜ್ಯಗಳು ಹೊತ್ತು, ಉಳಿದರ್ಧವನ್ನು ಬ್ಯಾಂಕುಗಳು 3 ವರ್ಷದ ಅಸಲು ವಿನಾಯಿತಿಯೊಂದಿಗೆ ಮರುಹೊಂದಿಸುವ ಯೋಜನೆ. ಆ ಮೂರು ವರ್ಷ ಮುಗಿಯುವಷ್ಟರಲ್ಲಿ, 2015ರ ನವೆಂಬರ್‌ನಲ್ಲಿ, ಎಸ್ಕಾಂಗಳ ಸಾಲವನ್ನು ರಾಜ್ಯಗಳಿಗೆ ವರ್ಗಾಯಿಸುವ ಕೇಂದ್ರದ ಉದಯ್ ಯೋಜನೆ ಬಂತು. ಅದರಲ್ಲಿ ರಾಜ್ಯಗಳ ಪಾಲು ಶೇ 75. 2020ರಲ್ಲಿ ಕೇಂದ್ರದ ವಿದ್ಯುತ್ ಸಾಲ ಸಂಸ್ಥೆಗಳಾದ ಪಿಎಫ್‌ಸಿ, ಆರ್‌ಇಸಿಗಳಿಂದ ₹90,000 ಕೋಟಿಯ ನೆರವು ಪ್ರಕಟವಾಯಿತು. 2022ರಲ್ಲಿ ಉತ್ಪಾದಕರ ಹಳೆ ಬಾಕಿ ತೀರಿಸಲು ಗರಿಷ್ಠ 48 ಕಂತು. ಕರ್ನಾಟಕ ಉದಯ್‌ಗೆ ಸೇರಿದ್ದು ಕಾರ್ಯಕ್ಷಮತೆ ಸುಧಾರಣೆಗೆ ಮಾತ್ರ, ಸಾಲ ವರ್ಗಾವಣೆಗಲ್ಲ.

ನೆರೆಯ ಪಾಕಿಸ್ತಾನ 2025ರಲ್ಲಿ ವಿದ್ಯುತ್ ವಲಯದ ಬಾಕಿ ತೀರಿಸಲು 18 ಬ್ಯಾಂಕುಗಳಿಂದ ಅಲ್ಲಿನ 1.225 ಲಕ್ಷ ಕೋಟಿ ರೂಪಾಯಿ ಎತ್ತಿತು. ಅದನ್ನು ತೀರಿಸುವುದು ಯೂನಿಟ್ಟಿಗೆ ಅಲ್ಲಿನ 3.23 ರೂಪಾಯಿಯ ಸರ್‌ಚಾರ್ಜ್‌ನಿಂದ. ವ್ಯವಸ್ಥೆ ಕಠಿಣ, ಆದರೆ ಸಾಲಕ್ಕೆ ಎಷ್ಟು ಹೋಗುತ್ತಿದೆ ಎಂಬುದು ಗ್ರಾಹಕನಿಗೆ ಗೊತ್ತು. ನಮ್ಮಲ್ಲಿ ಅದು ಯೂನಿಟ್ ದರದೊಳಗೆ ಕರಗಿಹೋಗಿರುತ್ತದೆ.

ಆದ್ದರಿಂದ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿಯ ದರ ಅರ್ಜಿಯಲ್ಲಿ, ಬದಲಿಸಿದ ಪ್ರತಿ ಸಾಲಕ್ಕೂ ಹಳೆಯ ಮತ್ತು ಹೊಸ ಕಂತಿನ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ದಂಡ, ಖಾತರಿ ಶುಲ್ಕ, ಟ್ರಸ್ಟಿ ಶುಲ್ಕಗಳನ್ನು ಸೇರಿಸಿ ತೋರಿಸುವಂತೆ ಆಯೋಗ ಆದೇಶಿಸಲಿ. ಎರಡು ಪುಟದ ಕೆಲಸ. ಸಾರ್ವಜನಿಕ ವಿಚಾರಣೆಗೆ ಬರುವ ರೈತ ಸಂಘ, ಕೈಗಾರಿಕಾ ಸಂಘಗಳೂ ಮುಂದಿನ ಬಾರಿ ಆಕ್ಷೇಪಣೆ ಬರೆಯುವಾಗ ಇದನ್ನೇ ಮೊದಲು ಕೇಳಲಿ.

— ವಿದ್ಯುತ್ ವಲಯದ ಹಣಕಾಸು ಬಲ್ಲ ಓದುಗರು, ಹುಬ್ಬಳ್ಳಿ