ಆರೋಗ್ಯ ವಿಮೆ ರಿನ್ಯೂವಲ್ ಇರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆರೋಗ್ಯ ವಿಮೆ ರಿನ್ಯೂವಲ್ ಹತ್ತಿರ ಬಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

2025ರ ಸೆಪ್ಟೆಂಬರ್ 22ರಿಂದ ನಾವೇ ಮಾಡಿಸಿಕೊಂಡ ಪಾಲಿಸಿಗಳ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮೊದಲು ಶೇ 18 ಇತ್ತು. 20,000 ರೂಪಾಯಿ ಪ್ರೀಮಿಯಂ ಆದರೆ ತೆರಿಗೆಯೇ 3,600 ಆಗುತ್ತಿತ್ತು! ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಸೇರಿ ಒಂದೇ ಪಾಲಿಸಿ), ಹಿರಿಯರ ಪಾಲಿಸಿಗೂ ಈ ವಿನಾಯಿತಿ ಇದೆ. ಆಫೀಸಿನ ಗ್ರೂಪ್ ಪಾಲಿಸಿಗೆ ಮಾತ್ರ ಸಿಕ್ಕಿಲ್ಲ. ಅದಕ್ಕೂ ಸಿಗಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ನೋಟಿಸ್ ಬಂದಾಗ ಸುಮ್ನೆ ಒಟ್ಟು ಮೊತ್ತ ನೋಡಿ ಹಣ ಕಟ್ಟಬೇಡಿ. ಕಳೆದ ವರ್ಷದ ರಸೀದಿ ಪಕ್ಕದಲ್ಲಿಟ್ಟುಕೊಳ್ಳಿ. ತೆರಿಗೆಯ ಸಾಲಿನಲ್ಲಿ ಸೊನ್ನೆ ಇದೆಯಾ, ಮೂಲ ಪ್ರೀಮಿಯಂ ಎಷ್ಟು ಜಾಸ್ತಿಯಾಗಿದೆ, ಎರಡನ್ನೂ ನೋಡಿ. ತೆರಿಗೆ ಹೋಗಿ ಮೂಲ ಪ್ರೀಮಿಯಂ ಏರಿದರೆ ನಮಗೆ ಉಳಿಯುವುದೇನು, ಅಲ್ವಾ? 60 ದಾಟಿದವರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಜೊತೆ ಚರ್ಚಿಸಲೇಬೇಕು. 2025ರ ಜನವರಿಯಲ್ಲಿ ಬಂದ ನಿಯಮ ಇದು. ಅಪ್ಪ ಅಮ್ಮನ ಪಾಲಿಸಿ ನೋಡಿಕೊಳ್ಳುವವರು ನೆನಪಿಡಿ.

ಮುಂದಿನ ಎರಡು ತಿಂಗಳಲ್ಲಿ ರಿನ್ಯೂವಲ್ ಇರುವವರು ಭಾನುವಾರದೊಳಗೆ ಇಲ್ಲಿ ‘ಇದೆ’ ಅಂತ ಹಾಕಿ, ಒಟ್ಟಿಗೆ ಕೂತು ನೋಟಿಸ್ ನೋಡೋಣ. ಪಾಲಿಸಿ ನಂಬರ್, ಆಧಾರ್ ಫೋಟೊ ಮಾತ್ರ ಗುಂಪಿಗೆ ಹಾಕಬೇಡಿ.